ಮ್ಯಾಂಚೆಸ್ಟರಿನ ಕೂಗು

ಇಂಗ್ಲಿಷಿನಲ್ಲಿ ‘ಬೂಟ್‌ಲೆಗ್’ ಅನ್ನೋ ಒಂದು ಮಾತಿದೆ. ಉದ್ದನೆಯ ಬೂಟಿನೊಳಗೆ ಸಾರಾಯಿ ಬಾಟ್ಲಿ ತುರುಕಿಕೊಂಡು ಕದ್ದು ಸಾಗಿಸುತ್ತಿದ್ದರಂತೆ, ಅದರಿಂದ ಹುಟ್ಟಿದ ಮಾತು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಕಳ್ಳಬಟ್ಟಿ. ರಾತ್ರಿ ಹೊತ್ತು ಗಡಿ ದಾಟಿ ಬರುವ ಪ್ಯಾಕೆಟ್ಟುಗಳ ಕಥೆ ಗೊತ್ತಿರುವ ಮದ್ದಿಕೇರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಹಾಡಿಗೂ ಈ ಹೆಸರು ಅಂಟಿತು. ಹಾಡಿದವನ ಒಪ್ಪಿಗೆಯಿಲ್ಲದೆ, ಕಂಪನಿಯ ಒಪ್ಪಿಗೆಯೂ ಇಲ್ಲದೆ ಹೊರಬಿದ್ದ ರೆಕಾರ್ಡಿಂಗು ಅಂದರೆ ಬೂಟ್‌ಲೆಗ್. 1969ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಇಂಥ ಒಂದು ಜೋಡಿ ರೆಕಾರ್ಡು ಮಾರಾಟಕ್ಕೆ ಬಂತು. ಮೇಲೆ ಬರೀ ಬಿಳೀ ರಟ್ಟು, ಒಂದಕ್ಷರ ಅಚ್ಚಿಲ್ಲ. ಒಳಗಿದ್ದದ್ದು ಬಾಬ್ ಡಿಲನ್ನನ ಹಾಡು. ರಾಕ್ ಸಂಗೀತದ ಕಳ್ಳಬಟ್ಟಿ ವ್ಯಾಪಾರ ಜೋರಾದದ್ದು ಅಲ್ಲಿಂದ.

ನಾನು ಇಲ್ಲಿ ಬರೆಯೋದು ಅದೇ ಡಿಲನ್ನನ ಇನ್ನೊಂದು ಕಳ್ಳ ರೆಕಾರ್ಡಿನ ಬಗ್ಗೆ. 1966ರ ಮೇ 17ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಊರಿನ ಫ್ರೀ ಟ್ರೇಡ್ ಹಾಲಿನಲ್ಲಿ ನಡೆದ ಕಛೇರಿ ಅದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡೋ ನನ್ನ ಅಕ್ಕನ ಮಗ ಸಂಕ್ರಾಂತಿಗೆ ಬಂದಾಗ, “ಮಾವ, ಬಯಲಾಟದ ಕ್ಯಾಸೆಟ್ ಕೇಳಿ ಕೇಳಿ ಸಾಕಾಗಿರಬೇಕು, ಇದೊಂದು ಕೇಳ್ರಿ” ಅಂತ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ. ಬಯಲಾಟದ ಕ್ಯಾಸೆಟ್ ನನಗೆ ಸಾಕಾಗಿರಲಿಲ್ಲ. ಆದರೆ ಇದನ್ನು ಕೇಳಿದ ಮೇಲೆ ಅದನ್ನು ಕೇಳೋ ಕಿವಿ ಬದಲಾಯಿತು. ಅದಕ್ಕೇ ಈ ಬರಹ.

ಡಿಲನ್ ಯಾರು ಅಂತ ಎರಡು ಮಾತು. 1941ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. 2016ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲೂ ‘ಹಾಡೋವ್ರಿಗೆ ಸಾಹಿತ್ಯದ ಬಹುಮಾನ ಯಾಕ?’ ಅಂತ ಅರ್ಧ ದಿನ ಚರ್ಚೆ ನಡೆಯಿತು. ವಚನ, ದಾಸರ ಪದ, ತತ್ವಪದ ಕೇಳಿಕೊಂಡೇ ಬೆಳೆದ ನಮಗೆ ಆ ಪ್ರಶ್ನೆ ಬರಬಾರದಿತ್ತು, ಆದರೂ ಬಂತು. ಈಗ ಎಂಬತ್ತು ದಾಟಿದ ಹಿರಿಯರು ಅವರು. ಮುಂದೆ ನಾನು ಏಕವಚನದಲ್ಲಿ ಬರೆದರೆ ಅದು ಮ್ಯಾಂಚೆಸ್ಟರಿನ ಆ ರಾತ್ರಿಯ ಇಪ್ಪತ್ತನಾಲ್ಕು ವರ್ಷದ ಹುಡುಗನಿಗೆ.

ಆ ಹುಡುಗ ಮೊದಲಿಗೆ ಹೆಸರು ಮಾಡಿದ್ದು ಒಬ್ಬನೇ ನಿಂತು ಹಾಡಿ. ಕೈಯಲ್ಲಿ ಕಟ್ಟಿಗೆಯ ಗಿಟಾರು, ಕೊರಳಿಗೆ ಕಟ್ಟಿಕೊಂಡ ಮೌತ್ ಆರ್ಗನ್ನು, ಅಷ್ಟೆ. ನ್ಯಾಯ ಅನ್ಯಾಯದ ಹಾಡುಗಳು. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ವಾಷಿಂಗ್ಟನ್ನಿನ ಮಹಾಸಭೆಯಲ್ಲಿ ಇವನೂ ಹಾಡಿದ್ದ. ಜನಪದ ಸಂಗೀತದ ಅಭಿಮಾನಿಗಳು ಇವನನ್ನು ‘ನಮ್ಮ ಹುಡುಗ’ ಅಂತ ಎತ್ತಿಕೊಂಡರು. 1965ರ ಜುಲೈನಲ್ಲಿ ನ್ಯೂಪೋರ್ಟ್ ಅನ್ನೋ ಊರಿನ ಜನಪದ ಉತ್ಸವಕ್ಕೆ ಇವನು ಕರೆಂಟಿನ ಗಿಟಾರು ಹಿಡಿದು, ಡ್ರಮ್ಮಿನವರನ್ನು ಕಟ್ಟಿಕೊಂಡು ಬಂದ. ಅಲ್ಲಿಂದ ಜಗಳ ಶುರು. ಮರುವರ್ಷದ ಲೋಕಸಂಚಾರದಲ್ಲಿ ಅವನು ಕಛೇರಿಯನ್ನು ಎರಡು ಪಾಲು ಮಾಡಿದ. ಮೊದಲ ಪಾಲು ಒಬ್ಬನೇ, ಹಳೇ ರೀತಿ. ಎರಡನೇದು ಐದು ಜನ ಹಿಮ್ಮೇಳದೊಂದಿಗೆ, ಕರೆಂಟಿನ ಸದ್ದಿನಲ್ಲಿ. ಊರೂರಿಗೂ ಒಂದೇ ಕಥೆ: ಮೊದಲ ಪಾಲಿಗೆ ಚಪ್ಪಾಳೆ, ಎರಡನೇದಕ್ಕೆ ಕೂಗಾಟ.

ಆದೋನಿ ಮಾರುಕಟ್ಟೆಗೆ ಹತ್ತಿ ಹಾಕಿ ಬಂದವರಿಗೆ ಮ್ಯಾಂಚೆಸ್ಟರ್ ಪೂರ್ತಿ ಹೊರಗಿನ ಊರಲ್ಲ. ಒಂದು ಕಾಲಕ್ಕೆ ಲೋಕದ ಹತ್ತಿ ಗಿರಣಿಗಳಿಗೆಲ್ಲ ಅದೇ ರಾಜಧಾನಿ. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಈ ಗಿರಣಿಗಳು ನಮ್ಮ ದೇಶದ ಹತ್ತಿಗೆ ಕೈ ಚಾಚಿದವು, ನಮ್ಮ ಸೀಮೆಯ ಕರೀನೆಲದ ಹತ್ತಿಗೂ ಬೆಲೆ ಏರಿತು. ಗಿರಣಿ ನಿಂತು ಹೊಟ್ಟೆಗಿಲ್ಲದಿದ್ದ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಕಡೇ ದಿನ ಇದೇ ಫ್ರೀ ಟ್ರೇಡ್ ಹಾಲಿನಲ್ಲಿ ಸಭೆ ಸೇರಿದರು. ಗುಲಾಮಗಿರಿ ಹೋಗಲಿ, ನಾವು ನಿಮ್ಮ ಕಡೆ ಇದ್ದೇವೆ ಅಂತ ಲಿಂಕನ್ನರಿಗೆ ಕಾಗದ ಬರೆದರು. ಆ ಹಾಲಿನ ಜನಕ್ಕೆ ಅನ್ನಿಸಿದ್ದನ್ನು ಬಾಯಿ ಬಿಟ್ಟು ಹೇಳೋ ರೂಢಿ ಹಳೇದು ಅನ್ನೋದಕ್ಕೆ ಇಷ್ಟು ಹೇಳಿದೆ.

ಇನ್ನು ರೆಕಾರ್ಡಿಂಗಿಗೆ ಬರೋಣ. ಮೊದಲ ಪಾಲಿನಲ್ಲಿ ಏಳು ಹಾಡು. ಹತ್ತು ನಿಮಿಷ ದಾಟೋ ಒಂದು ಹಾಡೂ ಅದರಲ್ಲಿದೆ. ದನಿ ಮೆತ್ತಗೆ, ನಿದ್ದೆ ಹತ್ತೋ ಮುಂಚೆ ಮಾತಾಡಿದ ಹಾಗೆ. ಮೌತ್ ಆರ್ಗನ್ನನ್ನು ಉಸಿರು ಬಿಟ್ಟೂ ಎಳೆದೂ ನುಡಿಸುತ್ತಾನೆ, ಒಂದೊಂದು ಕಡೆ ಎರಡೇ ಸ್ವರಗಳ ನಡುವೆ ಓಡಾಡುತ್ತಾ ಎಷ್ಟೋ ಹೊತ್ತು ಕಳೆಯುತ್ತಾನೆ. ಜನ ಕೆಮ್ಮೋದೂ ಇಲ್ಲ. ಹಾಡು ಮುಗಿದ ಮೇಲೆ ಚಪ್ಪಾಳೆ, ಮತ್ತೆ ಮೌನ. ಬಲ್ಲವರು ಈ ಪಾಲನ್ನು ಬಹಳ ಮೆಚ್ಚುತ್ತಾರೆ. ನನಗೆ ಮಾತ್ರ ಇನ್‌ಸ್ಪೆಕ್ಟರು ಬಂದ ದಿನದ ಕ್ಲಾಸಿನ ನೆನಪಾಯಿತು. ಎಲ್ಲ ಸರಿಯಾಗಿದೆ, ಎಲ್ಲರೂ ಕೈ ಕಟ್ಟಿ ಕೂತಿದ್ದಾರೆ. ಹಾಡಿನ ಅರ್ಥ ನನಗೆ ಸಿಕ್ಕಿದ್ದು ಅರ್ಧ, ಅದನ್ನೂ ಒಪ್ಪಿಕೊಂಡೇ ಹೇಳುತ್ತೇನೆ: ಈ ಪಾಲನ್ನು ಮನೆಯಲ್ಲಿ ಸ್ಟುಡಿಯೋ ರೆಕಾರ್ಡಿನಲ್ಲೇ ಕೇಳಬಹುದು, ಕಳ್ಳಬಟ್ಟಿಯ ಅಗತ್ಯ ಇಲ್ಲ.

ಎರಡನೇ ಪಾಲು ಬೇರೆ ಲೋಕ. ಎಂಟು ಹಾಡು. ಮೊದಲ ಹಾಡಿಗೇ ಡ್ರಮ್ಮು ಎದೆಗೆ ಬಡಿಯುತ್ತದೆ. ಅದೇ ಬಾಯಿ, ಆದರೆ ದನಿ ಬೇರೆ. ಪದದ ಕಡೇ ಅಕ್ಷರವನ್ನು ಹಿಡಿದು ಎಳೆದು ಎಳೆದು ಜಗ್ಗುತ್ತಾನೆ, ನಮ್ಮ ಕಡೆ ಹೊಲದಲ್ಲಿ ಆಚೆ ಬದುವಿನವನನ್ನು ಕರೆಯೋ ಹಾಗೆ. ಎರಡನೇ ಹಾಡಿಗೆ ಮುಂಚೆ, ಇದು ಮೊದಲು ಹಂಗಿತ್ತು, ಈಗ ಹಿಂಗೈತಿ ಅನ್ನೋ ಅರ್ಥದ ಒಂದು ಮಾತು ಹೇಳುತ್ತಾನೆ. ಎರಡು ವರ್ಷದ ಹಿಂದೆ ಬರೀ ಗಿಟಾರಿನಲ್ಲಿ ಹಾಡಿದ್ದ ಹಾಡನ್ನು ಈಗ ಗದ್ದಲದಲ್ಲಿ ಹಾಡೋದಕ್ಕೆ ಅವನು ಕೊಟ್ಟ ವಿವರಣೆ ಅಷ್ಟೇ. ಕ್ಷಮೆ ಕೇಳೋದಿಲ್ಲ. ಸದ್ದು ಎಲ್ಲಾ ಕಡೆ ಒಂದೇ ತೂಕದಲ್ಲಿಲ್ಲ. ಒಂದೊಂದು ಕಡೆ ಗಿಟಾರು ಹಾಡೋವನ ಮೇಲೆ ಏರಿ ಕೂರುತ್ತದೆ, ಡ್ರಮ್ಮಿನವನ ಕೈಯಂತೂ ಬಹಳ ಭಾರ. ಆದರೆ ಹಿಂದೆ ಆರ್ಗನ್ನಿನವನೊಬ್ಬ ಎಲ್ಲದರ ಸುತ್ತಲೂ ಸುತ್ತಿಕೊಂಡು ನುಡಿಸುತ್ತಾನಲ್ಲ, ಅವನನ್ನು ಹಿಂಬಾಲಿಸಿಕೊಂಡು ಹೋದರೆ ದಾರಿ ತಪ್ಪೋದಿಲ್ಲ.

ಜನ ಈಗ ಎಚ್ಚರಾಗಿದ್ದಾರೆ. ಹಾಡುಗಳ ನಡುವೆ ಗಿಟಾರು ಶ್ರುತಿ ಮಾಡೋ ಹೊತ್ತಿನಲ್ಲಿ ಎಲ್ಲರೂ ಒಂದೇ ಲಯಕ್ಕೆ, ನಿಧಾನಕ್ಕೆ ಚಪ್ಪಾಳೆ ಹೊಡೆಯುತ್ತಾರೆ. ಮೆಚ್ಚಿ ಹೊಡೆಯೋ ಚಪ್ಪಾಳೆ ಅಲ್ಲ ಅದು, ‘ಇಳಿಯೋ ಕೆಳಗ’ ಅನ್ನೋ ಚಪ್ಪಾಳೆ. ಬಯಲಾಟದಲ್ಲಿ ಪಾತ್ರ ಮುಗಿದರೂ ರಂಗ ಬಿಡದವನಿಗೆ ನಮ್ಮ ಜನ ಹೊಡೆಯೋ ಅಂಥದ್ದೇ. ಆಗ ಆ ಹುಡುಗ ಮಾಡೋ ಉಪಾಯ ನೋಡ್ರಿ. ಮೈಕಿಗೆ ಬಾಯಿ ಹಚ್ಚಿ ಏನೋ ಗೊಣಗೋದಕ್ಕೆ ಶುರು ಮಾಡುತ್ತಾನೆ. ಅರ್ಥವಿಲ್ಲದ ಗೊಣಗು, ಕಥೆ ಹೇಳಿದ ಹಾಗೆ, ಬಹಳ ಮೆತ್ತಗೆ. ಏನಂತಾನೆ ಇವನು ಅಂತ ಜನ ಕಿವಿ ಕೊಡುತ್ತಾರೆ. ಚಪ್ಪಾಳೆ ಸಣ್ಣಗಾಗಿ ನಿಲ್ಲುತ್ತದೆ. ಪೂರ್ತಿ ನಿಂತ ಗಳಿಗೆಗೆ ಸರಿಯಾಗಿ ಕಡೇ ತುಂಡು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ: ನೀವು ಇಷ್ಟು ಜೋರಾಗಿ ಚಪ್ಪಾಳೆ ತಟ್ಟದೆ ಇದ್ದಿದ್ದರೆ, ಅಂತ. ಹಾಲೆಲ್ಲ ನಗು. ಗದ್ದಲ ಮಾಡೋ ಆರನೇ ಕ್ಲಾಸನ್ನು ಬೆತ್ತವಿಲ್ಲದೆ ಸುಮ್ಮನಾಗಿಸಿದ ಮೇಷ್ಟ್ರುಗಳಿಗೆ ಈ ಉಪಾಯ ಗೊತ್ತಿದ್ದದ್ದೇ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಒಂದು ನಿಮಿಷ ಕೇಳಿ ಕಲಿಯಬಹುದು.

ಏಳನೇ ಹಾಡಿಗೆ ಅವನು ಪಿಯಾನೋ ಮುಂದೆ ಕೂರುತ್ತಾನೆ. ಅದು ಮುಗಿದು, ಕಡೇ ಹಾಡಿಗೆ ತಯಾರಾಗೋ ಹೊತ್ತಿನಲ್ಲಿ ಹಾಲಿನ ಕತ್ತಲೊಳಗಿಂದ ಒಂದು ಗಂಡುದನಿ ಒಂದೇ ಒಂದು ಪದ ಕೂಗುತ್ತದೆ: “ಜೂಡಾಸ್!”

ಕನ್ನಡ ಬೈಬಲ್ಲಿನಲ್ಲಿ ಇವನ ಹೆಸರು ಇಸ್ಕರಿಯೋತ ಯೂದ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ. ನಮ್ಮ ಕಥೆಗಳಲ್ಲಿ ಇದಕ್ಕೆ ಸರಿಜೋಡಿ ಹುಡುಕಿದೆ, ಸಿಗಲಿಲ್ಲ. ಶಕುನಿ ಕೇಡಿಗ, ಆದರೆ ಪಾಂಡವರಲ್ಲಿ ಒಬ್ಬನಾಗಿ ಉಂಡವನಲ್ಲ. ವಿಭೀಷಣ ಅಣ್ಣನನ್ನು ಬಿಟ್ಟ, ಆದರೆ ಅದನ್ನು ನಾವು ಧರ್ಮ ಅಂತೀವಿ. ಯೂದ ಪಂಕ್ತಿಯಲ್ಲಿ ಜೊತೆಗೆ ಕೂತು ಉಂಡು, ಮುತ್ತಿಟ್ಟು ಗುರುತು ತೋರಿಸಿದವನು. ಡಿಲನ್ ಹುಟ್ಟಿದ್ದು ಯಹೂದಿ ಮನೆತನದಲ್ಲಿ. ಸಾವಿರಾರು ವರ್ಷ ಆ ಜನರನ್ನು ಹೀಯಾಳಿಸೋದಕ್ಕೆ ಬಳಸಿದ ಹೆಸರೂ ಅದೇ. ಕೂಗಿದವನಿಗೆ ಅಷ್ಟು ಯೋಚನೆ ಇತ್ತೋ ಇಲ್ಲವೋ, ಆ ಪದಕ್ಕೆ ಮುಳ್ಳು ಎರಡು ಕಡೆ.

ಕೂಗಿನ ಹಿಂದೆ ಕೆಲವರ ನಗು, ಕೆಲವರ ಚಪ್ಪಾಳೆ, ಮತ್ತಷ್ಟು ಕೂಗು. ಹುಡುಗ ತಡೆದು ಮಾತಾಡುತ್ತಾನೆ: ನಿನ್ನ ಮಾತು ನಾನು ನಂಬೋದಿಲ್ಲ. ಮತ್ತೆ ಸ್ವಲ್ಪ ತಡೆದು: ನೀನು ಸುಳ್ಳುಗಾರ. ಆಮೇಲೆ ಹಿಮ್ಮೇಳದವರ ಕಡೆ ತಿರುಗಿ, ಇಲ್ಲಿ ಅಚ್ಚು ಹಾಕಬಾರದ ಒಂದು ಪದ ಸೇರಿಸಿ, ಜೋರಾಗಿ ಬಾರಿಸಿ ಅನ್ನೋ ಮಾತು ಕೇಳುತ್ತದೆ. ಡ್ರಮ್ಮಿನ ಏಟು ಬೀಳುತ್ತದೆ, ಹಾಡು ಶುರು.

ಆ ಹಾಡು 1965ರಲ್ಲಿ ರೆಕಾರ್ಡಾಗಿ ಹೆಸರಾದದ್ದೇ. ಒಂದು ಕಾಲಕ್ಕೆ ಸಿರಿವಂತಿಕೆಯಲ್ಲಿ ಮೆರೆದು ಈಗ ಎಲ್ಲಾ ಕಳಕೊಂಡ ಒಬ್ಬ ಹೆಣ್ಣುಮಗಳನ್ನು ಕುರಿತು, ಈಗ ಹೇಗಿದೆ ನಿನ್ನ ಪಾಡು ಅಂತ ತಿರುತಿರುಗಿ ಕೇಳೋ ಹಾಡು. ಸ್ಟುಡಿಯೋದ ರೆಕಾರ್ಡಿನಲ್ಲಿ ಆ ಪ್ರಶ್ನೆಯೆಲ್ಲ ಅವಳ ಕಡೆಗೆ. ಮ್ಯಾಂಚೆಸ್ಟರಿನಲ್ಲಿ ಪ್ರಶ್ನೆಯ ಮುಖ ತಿರುಗಿಬಿಟ್ಟಿದೆ. ಪಲ್ಲವಿ ಬಂದಾಗಲೆಲ್ಲ ಅದು ಕತ್ತಲಲ್ಲಿ ಕೂತ ಆ ಒಬ್ಬನಿಗೆ ಹೋಗುತ್ತದೆ. ಕೆಲವು ಸಲ ನನ್ನ ಕಿವಿಗೆ ಅದು ಹಾಡೋವನಿಗೇ ವಾಪಸ್ ಬಂದ ಹಾಗೂ ಕೇಳಿತು: ಮನೆಯವರನ್ನೆಲ್ಲ ಬಿಟ್ಟು ಬಂದಿದ್ದಾನಲ್ಲ, ಅವನ ಪಾಡೇನು? ಹಾಡಿನ ಒಂದಕ್ಷರ ಬದಲಾಗಿಲ್ಲ. ಅರ್ಥ ಬದಲಾಯಿಸಿದವನು ಕೇಳೋಕೆ ಬಂದ ಒಬ್ಬ ಗಿರಾಕಿ. ಈ ರೆಕಾರ್ಡಿನ ದೊಡ್ಡತನ ಇರೋದು ಇಲ್ಲೇ ಅಂತ ನನ್ನ ಅಭಿಪ್ರಾಯ. ಕೂಗಿದವನು ಅರ್ಧ ಕವಿ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದೆ. ನಮ್ಮ ಕಡೆ ಬಯಲಾಟಕ್ಕೆ ನಲವತ್ತು ವರ್ಷದಿಂದ ಹಾರ್ಮೋನಿಯಂ ಹಿಡಿಯೋ ಒಬ್ಬ ಹಿರಿಯರಿದ್ದಾರೆ, ಊರೆಲ್ಲ ಅವರನ್ನು ಪೆಟ್ಟಿಗೆ ತಾತ ಅಂತಾರೆ. ಇಂಗ್ಲಿಷಿನ ಒಂದು ಪದ ಬರೋದಿಲ್ಲ. ಮೊದಲು ಕಡೇ ಹಾಡನ್ನು ಮಾತ್ರ ಕೇಳಿಸಿದೆ. “ತಾಳ ಗಟ್ಟಿ ಐತಿ. ಹಿಂದ ಪೆಟ್ಟಿಗಿ ಹಿಡದಾವ ಬೆರಕಿ ಮನಶಾ” ಅಂದರು. ಆಮೇಲೆ ಎರಡು ನಿಮಿಷ ಹಿಂದಕ್ಕೆ ಹೋಗಿ, ಚಪ್ಪಾಳೆ, ಕೂಗು, ಜವಾಬು ಸಮೇತ ಮತ್ತೆ ಹಾಕಿದೆ. ಅರ್ಥ ಹೇಳಿದೆ. ಹಾಡು ಮುಗಿಯೋ ತನಕ ಮಾತಾಡಲಿಲ್ಲ. ಕಡೆಗೆ ಕೇಳಿದ್ದು: “ಕೂಗಿದಾವ ಯಾರ ಕಡಿಯಾವ, ಸಾರು?”

ನನಗೆ ಗೊತ್ತಾಗಲಿಲ್ಲ. ಅವರೇ ಹೇಳಿದರು: “ಹೊರಗಿನಾವ ಅಲ್ಲ ಬಿಡ್ರಿ. ಅಷ್ಟು ಸಿಟ್ಟು ಪರರ ಮ್ಯಾಲ ಬರಂಗಿಲ್ಲ. ಇವನ ಪದ ಎಲ್ಲಾ ಬಾಯಿಪಾಠ ಮಾಡಿದಾವನ ಅಂವ. ರೊಕ್ಕ ಕೊಟ್ಟು ಬಂದಾನಲ್ರಿ.”

ಡಿಲನ್ ಬಗ್ಗೆ ಎಷ್ಟೋ ಪುಸ್ತಕಗಳು ಬಂದಿವೆ ಅಂತ ಅಳಿಯ ಹೇಳಿದ. ಪೆಟ್ಟಿಗೆ ತಾತನ ಈ ಎರಡು ಮಾತಿಗಿಂತ ಹೆಚ್ಚಿಗೆ ಅವುಗಳಲ್ಲಿ ಏನಿರುತ್ತದೋ. ಮೂರು ದಶಕ ಆದ ಮೇಲೆ ಇಬ್ಬರು ಬೇರೆಬೇರೆ ಜನ, ಆ ಕೂಗಿದವನು ನಾನೇ ಅಂತ ಮುಂದೆ ಬಂದರು. ಇಬ್ಬರೂ ಒಂದು ಕಾಲಕ್ಕೆ ಅವನ ಅಭಿಮಾನಿಗಳೇ.

ತಾತನ ಹತ್ತಿರ ಈ ಹಾಡು ಒಯ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆಯ ಬಯಲಾಟಗಳಿಗೆ ಈಗ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ಹಳಬರಿಗೂ ಹುಡುಗರಿಗೂ ಪ್ರತಿ ವರ್ಷ ಇದೇ ಜಗಳ. ಮದ್ದಳೆಯವನನ್ನು ಮೂಲೆಗೆ ಕೂಡಿಸಿ ಪ್ಯಾಡಿನ ಮೇಲೆ ಭೀಮನ ಕುಣಿತ ಕುಣಿಸಿದರೆ ಆ ಹೆಜ್ಜೆಯ ತೂಕ ಎಲ್ಲಿಂದ ಬರಬೇಕು ಅಂತ ಇವರು. ಹುಡುಗರು ಆಟಕ್ಕೆ ಬರಬೇಕಾದರೆ ಇದೆಲ್ಲ ಬೇಕು ಅಂತ ಅವರು. ತಾತ ಹಳಬರ ಕಡೆ. ಡಿಲನ್ನನನ್ನು ಕೇಳಿದ ಮೇಲೆ ಮನಸ್ಸು ಬದಲಾಯಿಸಿರಬೇಕು ಅಂದುಕೊಂಡೀರಿ, ಇಲ್ಲ. “ಕರೆಂಟ್ ಹೋದರ ಅದರ ಬಾಯಿ ಕಟ್ಟತೈತಿ, ನನ್ನ ಪೆಟ್ಟಿಗಿದು ಕಟ್ಟಂಗಿಲ್ಲ” ಅನ್ನೋದು ಅವರ ವಾದ. ನಮ್ಮ ಊರುಗಳ ಕರೆಂಟು ಬಲ್ಲವರು ಇದನ್ನು ಸುಲಭವಾಗಿ ತಳ್ಳಿಹಾಕೋ ಹಾಗಿಲ್ಲ.

ನಾನೂ ಒಂದು ಸಂಗತಿ ಹೇಳಿದೆ. ಈ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದ ಪೆಟ್ಟಿಗೆ. 1940ರಲ್ಲಿ ಆಕಾಶವಾಣಿಯವರು, ಇದರಲ್ಲಿ ನಮ್ಮ ಗಮಕ ಬರೋದಿಲ್ಲ, ಇದು ನಮ್ಮ ಸಂಗೀತದ ವಾದ್ಯವೇ ಅಲ್ಲ ಅಂತ ಇದನ್ನು ರೇಡಿಯೋದಿಂದ ಹೊರಗೆ ಹಾಕಿದ್ದರು. ಸುಮಾರು ಮೂವತ್ತು ವರ್ಷ ಆ ನಿಷೇಧ ನಡೆಯಿತು. ತಾತನಿಗೆ ಇದು ಗೊತ್ತಿರಲಿಲ್ಲ. ಬಹಳ ನಕ್ಕರು. “ಹಂಗಾರ ನನ್ನ ಪೆಟ್ಟಿಗೀನೂ ಜೂಡಾಸನಾ?” ಅಂದರು. ಆದರೂ ಕೀಬೋರ್ಡು ಬ್ಯಾಡ ಅನ್ನೋದನ್ನು ಬಿಡಲಿಲ್ಲ.

ಕಳ್ಳತನದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಮ್ಯಾಂಚೆಸ್ಟರಿನ ಈ ರೆಕಾರ್ಡಿಂಗನ್ನು ಅಂಗಿಯೊಳಗೆ ಟೇಪ್ ಅಡಗಿಸಿಕೊಂಡ ಪ್ರೇಕ್ಷಕ ಮಾಡಿದ್ದಲ್ಲ. ರೆಕಾರ್ಡು ಕಂಪನಿಯವರೇ ಮಾಡಿಸಿ, ಹೊರಗೆ ಬಿಡದೆ ಇಟ್ಟಿದ್ದರು. ಯಾರದೋ ಕೈಯಿಂದ ಜಾರಿ 1970ರ ಆಸುಪಾಸಿಗೆ ಕಳ್ಳ ರೆಕಾರ್ಡಾಗಿ ಓಡಾಡತೊಡಗಿತು. ಅದರ ಮೇಲೆ ‘ರಾಯಲ್ ಆಲ್ಬರ್ಟ್ ಹಾಲ್’ ಅಂತ ಲಂಡನ್ನಿನ ಹಾಲಿನ ಹೆಸರು ಹಾಕಿದ್ದರು, ಅದು ತಪ್ಪು. ಕಂಪನಿ ಅದನ್ನು ಅಧಿಕೃತವಾಗಿ ಹೊರತಂದದ್ದು 1998ರಲ್ಲಿ. ಅಷ್ಟರಲ್ಲಿ ಆ ತಪ್ಪು ಹೆಸರೇ ಎಷ್ಟು ಊರಿಬಿಟ್ಟಿತ್ತೆಂದರೆ, ಕಂಪನಿಯವರೂ ಅದನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಅಚ್ಚು ಮಾಡಿದರು. 2016ರಲ್ಲಿ ಆ ವರ್ಷದ ಪ್ರವಾಸದಲ್ಲಿ ಉಳಿದಿದ್ದ ರೆಕಾರ್ಡಿಂಗುಗಳನ್ನು 36 ಸಿಡಿಗಳಲ್ಲಿ ತಂದರು. ಅವುಗಳಲ್ಲಿ ಜನರ ನಡುವೆ ಕೂತವರು ಹಿಡಿದ ಮಸುಕು ಟೇಪುಗಳೂ ಇವೆ. ಕಳ್ಳರು ಕದಿಯದೆ ಇದ್ದಿದ್ದರೆ ಆ ಕೂಗು ಮೂವತ್ತು ವರ್ಷ ಬೀಗದೊಳಗೇ ಇರುತ್ತಿತ್ತು. ಹಾಗಂತ ಹಾಡಿದವನ ಬೆವರಿಗೆ ಬೆಲೆ ಬೇಡವೆ? ಬಯಲಾಟದ ಕ್ಯಾಸೆಟ್ಟುಗಳನ್ನು ಸಂತೆಯಲ್ಲಿ ಮಾರಿದವರು ಪೆಟ್ಟಿಗೆ ತಾತನಿಗೆ ಒಂದು ಚಹಾದ ದುಡ್ಡೂ ಕೊಟ್ಟಿಲ್ಲ. ಎರಡೂ ನಿಜ. ನನಗೆ ಇದರಲ್ಲಿ ತೀರ್ಪು ಕೊಡೋಕಾಗಿಲ್ಲ.

ಇನ್ನು ನಮ್ಮ ಕ್ಯಾಸೆಟ್ಟಿಗೆ ಬರುತ್ತೇನೆ. ವಾಚನಾಲಯದ ಬೀರುವಿನಲ್ಲಿ ‘ದ್ರೌಪದಿ ವಸ್ತ್ರಾಪಹರಣ’ ಬಯಲಾಟದ ನಾಲ್ಕು ಕ್ಯಾಸೆಟ್ಟುಗಳಿವೆ. ಟೇಪ್ ರೆಕಾರ್ಡರನ್ನು ರಂಗದ ಮುಂದೆ ಒಂದು ಕುರ್ಚಿ ಮೇಲಿಟ್ಟು ಹಿಡಿದದ್ದು. ಅದನ್ನು ಕೇಳಿದರೆ ಮೊದಲು ಕಿವಿಗೆ ಬೀಳೋದು ಜನರೇಟರಿನ ಸದ್ದು. ಆಮೇಲೆ ಮಕ್ಕಳ ಅಳು. ದುರ್ಯೋಧನ ತನ್ನ ಪ್ರತಾಪ ಹೇಳಿಕೊಳ್ಳೋ ಪದದ ನಡುವೆಯೇ ಮೈಕಿನಲ್ಲಿ ಕಾಣಿಕೆ ಕೂಗುತ್ತಾರೆ: ಇಂಥವರು ದುರ್ಯೋಧನನ ಪಾತ್ರಕ್ಕೆ ಐವತ್ತೊಂದು ರೂಪಾಯಿ. ದುರ್ಯೋಧನ ಅಲ್ಲಿಗೇ ನಿಂತು, ಅವರಿಗೆ ಶರಣು ಹೇಳಿ, ಮತ್ತೆ ಅದೇ ಸಾಲಿನಿಂದ ಎತ್ತಿಕೊಳ್ಳುತ್ತಾನೆ. ದುಶ್ಶಾಸನ ಸೀರೆಗೆ ಕೈ ಹಾಕೋ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುತ್ತದೆ. ತಿರುಗಿಸಿ ಹಾಕೋದರೊಳಗೆ ಕೃಷ್ಣ ಬಂದುಬಿಟ್ಟಿದ್ದಾನೆ.

ಹೋದ ವರ್ಷ ನಮ್ಮ ಹುಡುಗರು ಇದನ್ನು ಕಂಪ್ಯೂಟರಿಗೆ ಇಳಿಸಿದರು, ಒಳ್ಳೇ ಕೆಲಸ. ಜೊತೆಗೆ ಒಂದು ಆ್ಯಪಿನಲ್ಲಿ ಹಾಕಿ ‘ಕ್ಲೀನ್’ ಕೂಡ ಮಾಡಿದರು. ಜನರೇಟರು ಹೋಯಿತು, ಅಳು ಹೋಯಿತು, ಕಾಣಿಕೆಯ ಕೂಗನ್ನು ಕತ್ತರಿಸಿದರು. ಉಳಿದದ್ದು ಬರೀ ಪದ, ಮಾತು. ಕೇಳಿದೆ. ಪೆಟ್ಟಿಗೆ ತಾತ ಬಾವಿಯೊಳಗೆ ಕೂತು ನುಡಿಸಿದ ಹಾಗಿದೆ. ದುರ್ಯೋಧನ ಯಾರೂ ಇಲ್ಲದ ಬಯಲಿನಲ್ಲಿ ಒಬ್ಬನೇ ಅಬ್ಬರಿಸುತ್ತಿದ್ದಾನೆ. ದಸರಾದಲ್ಲಿ ನಮ್ಮೂರ ಕುದುರೆ ಓಟದ ವಿಡಿಯೊವನ್ನು ಸದ್ದು ಮುಚ್ಚಿ ನೋಡ್ರಿ, ಕುದುರೆ ಓಡುತ್ತವೆ, ಓಟ ಇರೋದಿಲ್ಲ.

ಆ ಗದ್ದಲದಲ್ಲಿ ಇನ್ನೂ ಒಂದಿತ್ತು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆ ಬಂದವು, ಬಳ್ಳಾರಿ ಆ ಕಡೆ ಹೋಯಿತು. ಆವತ್ತಿನಿಂದ ನಮ್ಮ ಸೀಮೆಯಲ್ಲಿ ಕನ್ನಡ ಎಷ್ಟಿದೆ, ತೆಲುಗು ಎಷ್ಟಿದೆ ಅಂತ ಲೆಕ್ಕ ಹಾಕೋರು ಲೆಕ್ಕ ಹಾಕುತ್ತಲೇ ಇದ್ದಾರೆ. ಈ ಕ್ಯಾಸೆಟ್ಟಿನಲ್ಲಿ ದ್ರೌಪದಿ ಅಳೋದು ಕನ್ನಡದಲ್ಲಿ, ಕಾಣಿಕೆ ಕೂಗೋದು ತೆಲುಗಿನಲ್ಲಿ, ಮುಂದಿನ ಸಾಲಿನವರು ಕೂತ್ಕೊಳ್ಳಿ ಅಂತ ಗದರಿಸೋದು ಎರಡನ್ನೂ ಕಲಸಿ. ಬೆಳಗಿನ ಜಾವ ಮೂರು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಯಾರಿಗೂ ತೋರಿಸೋ ಉದ್ದೇಶವಿಲ್ಲದೆ ನಮ್ಮ ಜನ ಹೇಗೆ ಮಾತಾಡುತ್ತಿದ್ದರು ಅನ್ನೋದು ಅಲ್ಲಿದೆ. ಕ್ಲೀನ್ ಮಾಡಿದ ಪ್ರತಿಯಲ್ಲಿ ಅಚ್ಚ ಕನ್ನಡ ಮಾತ್ರ ಉಳಿದಿದೆ. ಅದು ಪುಸ್ತಕದಲ್ಲೂ ಸಿಗುತ್ತದೆ.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮೊಬೈಲಿನಲ್ಲಿ ಕೇಳೋರಿಗೆ ಜನರೇಟರು ಯಾರಿಗೆ ಬೇಕು ಅಂತ ಅವರು ಹೇಳೋದರಲ್ಲೂ ನ್ಯಾಯ ಇದೆ. ಊರ ಹೊರಗಿನವರಿಗೆ ಅವರ ಪ್ರತಿಯೇ ಕಳಿಸಲಿ. ಆದರೆ ಮೂಲ ಕ್ಯಾಸೆಟ್ಟುಗಳನ್ನು, ‘ಈಗ ಕಂಪ್ಯೂಟರಿನಲ್ಲಿದೆಯಲ್ಲ’ ಅಂತ ಹೊರಗೆ ಹಾಕೋ ಮಾತು ಮೊನ್ನೆ ಸಭೆಯಲ್ಲಿ ಬಂತು. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಕತ್ತರಿಸದ ಪ್ರತಿಯನ್ನೂ ಇಳಿಸಿ ಇಡಬೇಕು, ಕ್ಯಾಸೆಟ್ಟು ಬೀರುವಿನಲ್ಲೇ ಇರಬೇಕು ಅಂತ ಬರೆದು ಕೊಟ್ಟಿದ್ದೇನೆ.

ಯಾಕೆಂದರೆ ಮೂರನೇ ಕ್ಯಾಸೆಟ್ಟಿನ ಕಡೆಯ ಭಾಗದಲ್ಲಿ ನಮ್ಮದೂ ಒಂದು ಕೂಗಿದೆ. ಸೀರೆಗೆ ಕೈ ಹಾಕೋ ಮುಂಚೆ ದುಶ್ಶಾಸನ ರಂಗದ ತುಂಬ ಕುಣಿದು ಮೆರೆಯುತ್ತಾನೆ. ತಾತನ ಪೆಟ್ಟಿಗೆ ಏರುತ್ತಿದೆ, ಮದ್ದಳೆ ಏರುತ್ತಿದೆ. ಹೆಂಗಸರು ಕೂತ ಕಡೆಯಿಂದ ಒಂದು ದನಿ: “ಬಿಡೋ ಮುಕಳಪ್ಪ, ನಿನಗೂ ಅಕ್ಕತಂಗೇರು ಅದಾರ!” ಜನ ನಗುತ್ತಾರೆ. ದುಶ್ಶಾಸನ ಪಾತ್ರಧಾರಿ ಒಂದು ಗಳಿಗೆ ತಡವರಿಸುತ್ತಾನೆ, ಹೆಜ್ಜೆ ತಪ್ಪುತ್ತದೆ, ತಾತ ಪೆಟ್ಟಿಗೆಯಲ್ಲಿ ಒಂದು ಸುತ್ತು ಹೆಚ್ಚಿಗೆ ನುಡಿಸಿ ಅವನನ್ನು ಹಿಡಿದೆತ್ತುತ್ತಾರೆ. ಆಮೇಲಿನ ಅವನ ಕುಣಿತದಲ್ಲಿ ಮೊದಲಿನ ಜಂಬ ಇಲ್ಲ, ಭಯ ಇದೆ. ಬಯಲಾಟ ಬರೆದವನು ಆ ಭಯ ಬರೆದಿರಲಿಲ್ಲ.

ಆ ದನಿ ತಮ್ಮ ಅವ್ವನದು ಅಂತ ಊರಲ್ಲಿ ಮೂರು ಮನೆಯವರು ಹೇಳುತ್ತಾರೆ. ಕೇಳಿ ಗುರುತು ಹಿಡಿಯೋದಕ್ಕೆ ಭಾನುವಾರ ಸಂಜೆ ವಾಚನಾಲಯದಲ್ಲಿ ಕ್ಯಾಸೆಟ್ಟು ಹಾಕುತ್ತೇವೆ. ಪೆಟ್ಟಿಗೆ ತಾತನೂ ಬರುತ್ತಾರೆ. ಅವರಿಗೆ ಯಾರ ದನಿ ಅಂತ ಗೊತ್ತು, ಹೇಳೋದಿಲ್ಲ ಅಂತಾರೆ.